ಕನ್ನಡಿಯ ಬೊಟ್ಟು, ಇಬ್ರಾದ ಮೊಲ

ನಮ್ಮ ಬಚ್ಚಲುಮನೆಯ ಕನ್ನಡಿಯಲ್ಲಿ ನನ್ನ ಮುಖಕ್ಕೆ ಸಿಗುವ ಜಾಗ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ನನ್ನ ಹೆಂಡತಿ ವಾರಿಜ ಮಲಗುವ ಮುಂಚೆ ಮುಖ ತೊಳೆಯುವಾಗ ಹಣೆಯ ಬೊಟ್ಟನ್ನು ತೆಗೆದು ಕನ್ನಡಿಗೆ ಅಂಟಿಸುತ್ತಾಳೆ. ಬೆಳಿಗ್ಗೆ ಅದನ್ನು ಮರೆತು ಹೊಸತೊಂದನ್ನು ಇಟ್ಟುಕೊಳ್ಳುತ್ತಾಳೆ. ನಿಮ್ಮ ಮನೆಯಲ್ಲೂ ಇದೇ ಕತೆ ಇದ್ದೀತು, ಹಾಗಾಗಿ ಹೆಚ್ಚು ವಿವರಿಸಬೇಕಾಗಿಲ್ಲ. ಗಡ್ಡ ಕೆರೆಯಲು ನಿಂತರೆ ಕೆನ್ನೆಯ ಮೇಲೊಂದು ಬೊಟ್ಟು, ಮೂಗಿನ ತುದಿಗೊಂದು. ಅದನ್ನೆಲ್ಲ ನಾನು ಸಹಿಸಿಕೊಂಡಿದ್ದೇನೆ. ಸಹಿಸಿಕೊಳ್ಳಲು ಕಷ್ಟವಾಗಿರುವುದು ನನ್ನದೇ ಒಂದು ಚಾಳಿ. ಮರೂನು ಬಣ್ಣದ ದೊಡ್ಡ ಬೊಟ್ಟೇನಾದರೂ ಕಣ್ಣಿಗೆ ಬಿತ್ತೆಂದರೆ ನನ್ನ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಉಸಿರು ಅರ್ಧಕ್ಕೆ ನಿಲ್ಲುತ್ತದೆ, ಬಲಗೈಯ ತೋರುಬೆರಳು ರೇಜರಿನ ಹಿಡಿಯ ಮೇಲೆ ಮೆಲ್ಲಗೆ ಮಡಚಿಕೊಳ್ಳುತ್ತದೆ. ಹೀಗೆ ಗದ್ದ ಕೊಯ್ದುಕೊಂಡದ್ದು ಒಂದೆರಡು ಸಲವಲ್ಲ.

ಈ ಚಾಳಿ ಹತ್ತಿದ್ದು ಒಮಾನ್ ದೇಶದ ಇಬ್ರಾ ಎಂಬ ಊರಿನಲ್ಲಿ, ಎಂಬತ್ತರ ದಶಕದ ನಡುವಿನಲ್ಲಿ, ಒಂದು ಮೊಲದ ದೆಸೆಯಿಂದ.

ಮೊಲದ ವಿಷಯಕ್ಕೆ ಬರುವ ಮುಂಚೆ ಬಂದೂಕಿನ ವಿಷಯದಲ್ಲಿ ನನ್ನ ಯೋಗ್ಯತೆ ಎಷ್ಟೆಂದು ಹೇಳಿಬಿಡುವುದು ಒಳ್ಳೆಯದು. ನಮ್ಮ ಕರಾವಳಿಯಲ್ಲಿ ಅಷ್ಟಮಿಯ ಹೊತ್ತಿಗೆ ಮಕ್ಕಳ ಕೈಗೆ ಪೆಟ್ಲು ಬರುತ್ತಿತ್ತು. ಬಿದಿರಿನ ಒಂದು ಗೇಣು ಕೊಳವೆ, ಅದರೊಳಗೆ ಬಿಗಿಯಾಗಿ ಓಡಾಡುವ ಒಂದು ಕೋಲು, ಗುಂಡಿನ ಬದಲಿಗೆ ಬೇಲಿಯಲ್ಲಿ ಸಿಗುವ ಹಸಿರು ಕಾಯಿ. ಒಂದು ಕಾಯಿಯನ್ನು ತುದಿಗೆ ಸಿಕ್ಕಿಸಿ ಇನ್ನೊಂದನ್ನು ಹಿಂದಿನಿಂದ ನೂಕಿದರೆ 'ಪಟ್' ಎಂದು ಹಾರುವುದು. ನಾನು ಮಾವಿನ ಮರದ ಕಾಗೆಗೆ ಗುರಿಯಿಟ್ಟರೆ ಅದು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ದೊಡ್ಡಮ್ಮನ ಕಿವಿಗೆ ತಾಗುತ್ತಿತ್ತು. ಕಾಗೆಗೂ ದೊಡ್ಡಮ್ಮನಿಗೂ ನಡುವೆ ಇಡೀ ಅಂಗಳವೇ ಇತ್ತು. "ಇವನಿಗೆ ಕಣ್ಣು ಉಂಟಾ ಇಲ್ವಾ ನೋಡಿಸಿ" ಎಂದು ದೊಡ್ಡಮ್ಮ ಅಪ್ಪನಿಗೆ ಹೇಳಿದ್ದಳು. ಕಣ್ಣಿನ ಡಾಕ್ಟರರು ಕಣ್ಣು ಸರಿ ಇದೆ ಎಂದರು. ಅಲ್ಲಿಗೆ ನನ್ನ ಬೇಟೆಯ ಅಧ್ಯಾಯ ಮುಗಿದಿತ್ತು.

ವಾರಿಜಳ ಮನೆಯಲ್ಲಿ ಮಾತ್ರ ನಿಜವಾದ ಕೋವಿಯಿತ್ತು. ಹೆಣ್ಣು ನೋಡಲು ಹೋದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಚಾವಡಿಯ ಗೋಡೆಯಲ್ಲಿ ತೂಗುತ್ತಿದ್ದ ಆ ಕೇಪಿನ ಕೋವಿ, ಆಮೇಲೆ ಹೆಣ್ಣು. ಅವಳ ಅಪ್ಪನ ಗೆಣಸಿನ ಗದ್ದೆಗೆ ಕಾಡುಹಂದಿಗಳ ಕಾಟವಂತೆ. ಮಾವನವರು ಅದರ ಕತೆ ಹೇಳುತ್ತಾ ಹೇಳುತ್ತಾ ಕೋವಿಯ ಕಡೆಗೂ ನನ್ನ ಕಡೆಗೂ ನೋಡುತ್ತಿದ್ದರು. ಒಪ್ಪಿಗೆ ಇದೆಯೋ ಇಲ್ಲವೋ ಎಂದು ಕೇಳಿದಾಗ ನಾನು ಬಹಳ ಬೇಗ ಒಪ್ಪಿಕೊಂಡೆ. ಹುಡುಗಿಯೂ ಚೆನ್ನಾಗಿದ್ದಳು ಅನ್ನಿ.

ಮದುವೆಯಾಗಿ ಸ್ವಲ್ಪ ಕಾಲಕ್ಕೆ ಅವಳನ್ನು ಇಬ್ರಾಕ್ಕೆ ಕರೆತಂದೆ. ನಾನು ಅಲ್ಲಿ ಕಟ್ಟಡದ ಸಾಮಾನಿನ ಅಂಗಡಿಯೊಂದರ ಮ್ಯಾನೇಜರು. ಅಂಗಡಿಯ ಯಜಮಾನರು ಖಲ್ಫಾನ್. ನನ್ನ ವೀಸಾಕ್ಕೆ ಜವಾಬ್ದಾರರಾದ ಕಫೀಲ್ ಅವರೇ, ನಾವಿದ್ದ ಎರಡು ಕೋಣೆಯ ಮನೆಯ ಮಾಲೀಕರೂ ಅವರೇ. ಬಿಳಿ ಗಡ್ಡ, ತಲೆಗೆ ಸುತ್ತಿದ ಮಸ್ಸರ್, ಕೈಯಲ್ಲೊಂದು ತೆಳ್ಳಗಿನ ಬೆತ್ತ. ಅವರ ಹಿಂದಿ, ನನ್ನ ಅರಬ್ಬಿ ಎರಡೂ ಅಷ್ಟಕ್ಕಷ್ಟೆ. ಎರಡನ್ನೂ ಬೆರೆಸಿ ನಾವು ಆಡುತ್ತಿದ್ದ ಮಾತು ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಬೆಳಿಗ್ಗೆ ಅಂಗಡಿಗೆ ಹೋದರೆ ಮಧ್ಯಾಹ್ನ ಊಟಕ್ಕೆ ಬಂದು ಒಂದು ನಿದ್ದೆ ತೆಗೆದು ಮತ್ತೆ ಹೋಗುತ್ತಿದ್ದೆ. ಮನೆಯಲ್ಲಿ ವಾರಿಜ ಒಬ್ಬಳೇ. ಆಗಿನ ಇಬ್ರಾದಲ್ಲಿ ತುಳುವಾಗಲಿ ಕನ್ನಡವಾಗಲಿ ಆಡುವ ಇನ್ನೊಬ್ಬ ಹೆಂಗಸು ಇರಲಿಲ್ಲ. ನಮ್ಮ ಕಡೆಯವರ ಸಂಸಾರಗಳೆಲ್ಲ ಮಸ್ಕತ್ ಹತ್ತಿರದ ವಾದಿ ಅದಾಯ್‌ನಲ್ಲಿ, ರೂವಿಯಲ್ಲಿ. ಊರಿನ ಮನೆಯಲ್ಲಿ ಅವಳು ಬಾವಿಕಟ್ಟೆಯಲ್ಲಿ ಒಂದು ಗಂಟೆ, ಹಿತ್ತಿಲಲ್ಲಿ ಒಂದು ಗಂಟೆ ಮಾತಾಡಿ ಬೆಳೆದವಳು.

"ನೀವು ಬರುವವರೆಗೆ ನಾನು ಗೋಡೆ ಹತ್ರ ಮಾತಾಡುದು" ಎಂದಳು ಒಂದು ದಿನ ಊಟಕ್ಕೆ ಬಡಿಸುತ್ತಾ. "ಈಗ ಗೋಡೆಗೂ ಎಲ್ಲಾ ಬಾಯಿಪಾಠ ಆಗಿದೆ. ನನ್ನನ್ನು ಊರಿಗೆ ಕಳಿಸಿ ಮಾರಾಯ್ರೆ."

ನಾನು ಅನ್ನ ಕಲಸುತ್ತಾ ಕೂತೆ. ಅವಳು ಹೋದರೆ ನನ್ನ ಗತಿ ಏನು ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಬರುವ ಮುಂಚೆ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬಿಯ ಮೀನು, ಬ್ರೆಡ್ಡು ತಿಂದು ಬದುಕಿದ್ದೆ. ಆದರೆ ಊಟದ ಮಾತು ಒಂದು ನೆಪ. ಸಂಜೆ ಬಾಗಿಲು ತಟ್ಟಿದಾಗ ಒಳಗಿನಿಂದ ಬಳೆಯ ಸದ್ದು ಬರುವುದು ನನಗೆ ಅಭ್ಯಾಸವಾಗಿಹೋಗಿತ್ತು. ಆ ಹೆಂಗಸು ನನಗೆ ಬೇಕಾಗಿದ್ದಳು. ಅದನ್ನು ಹಾಗೆಯೇ ಹೇಳುವುದು ಆಗಿನ ನಮ್ಮಂಥ ಗಂಡಂದಿರಿಗೆ ಬಾರದ ವಿದ್ಯೆ.

ಹೇಳಲು ಬಾರದವನು ಖಲ್ಫಾನ್ ಹತ್ತಿರ ಹೋಗಿ ನಿಂತೆ. ಅವರು ಗಡ್ಡ ನೀವಿಕೊಂಡು, "ಅವಳಿಗೆ ನೆಲ ಕೊಡೋಣ" ಎಂದರು. ಊರಾಚೆ ಅವರ ಖರ್ಜೂರದ ತೋಟವಿತ್ತು. ಬೆಟ್ಟದ ಬುಡದಿಂದ ನೆಲದೊಳಗೇ ಹರಿದು ಬರುವ ಫಲಜ್ ಎಂಬ ತೋಡು ಅಲ್ಲಿ ಬೆಳಕಿಗೆ ಬರುತ್ತಿತ್ತು. ಆ ನೀರಿನ ಬದಿಯಲ್ಲಿ ಒಂದು ತುಂಡು ಜಾಗ ವಾರಿಜಳಿಗೆ ಸಿಕ್ಕಿತು. ಊರಿನಿಂದ ಬರುವಾಗ ಅವಳು ಸೀರೆಯ ಮಡಿಕೆಯಲ್ಲಿ ತಂದಿದ್ದ ಬೀಜಗಳು ಹೊರಬಂದವು: ಕೆಂಪು ಹರಿವೆ, ಅಲಸಂಡೆ, ಬೆಂಡೆ. ಚಳಿಗಾಲದ ಶುರುವಿನಲ್ಲಿ ಹರಿವೆ ಚಿಗುರಿತು. ಆ ಬೂದು ಬಣ್ಣದ ಬೆಟ್ಟಗಳ ನಡುವೆ ಅಷ್ಟು ಕೆಂಪನ್ನು ನೋಡಿ ಅವಳು ಮಗುವಿನ ಹಾಗೆ ಕುಣಿದಳು. ನಾಳೆ ಕಿತ್ತು ಹುಳಿ ಮಾಡುವುದೆಂದು ತೀರ್ಮಾನವಾಯಿತು.

ಮರುದಿನ ಹೋಗಿ ನೋಡಿದರೆ ಬರೀ ದಂಟು. ನಡುವೆ ಮಣಿಯ ಹಾಗೆ ಹಿಕ್ಕೆ.

"ಅರ್ನಬ್" ಎಂದರು ಖಲ್ಫಾನ್. ಮೊಲ. ಮತ್ತೆ ಬಿತ್ತಿದಳು. ಮತ್ತೆ ತಿಂದಿತು. ಮುಳ್ಳು ತಂದು ಬೇಲಿ ಮಾಡಿದೆವು. ಬೇಲಿಯ ಅಡಿಯಿಂದ ತೋಡಿ ಬಂದು ತಿಂದಿತು. ಮೂರನೆಯ ಸಲ ವಾರಿಜ ಅಳಲಿಲ್ಲ, ಬೈಯಲೂ ಇಲ್ಲ. ಮನೆಗೆ ಬಂದು ಕಪಾಟಿನ ಮೇಲಿದ್ದ ಸೂಟ್‌ಕೇಸನ್ನು ಕೆಳಗಿಳಿಸಿ ಧೂಳು ಒರಸಿ ಮಂಚದ ಪಕ್ಕ ಇಟ್ಟಳು. ಸೀರೆಗಳು ಅರ್ಧ ಒಳಗೆ ಹೋದವು.

"ನಾನು ಹೋಗುವುದೇ" ಎಂದಳು. "ಆದ್ರೆ ಆ ಮೊಲ ಬೀಳುದನ್ನು ನನ್ನ ಕಣ್ಣಲ್ಲಿ ನೋಡದೆ ವಿಮಾನ ಹತ್ತುದಿಲ್ಲ. ಅದು ಬಿದ್ದ ಮರುದಿನ ಇಲ್ಲಿ ನಿಲ್ಲುದೂ ಇಲ್ಲ. ನಿಮ್ಮ ಖಲ್ಫಾನ್‌ಗೆ ಹೇಳಿ."

ಖಲ್ಫಾನ್‌ಗೆ ನಾನು ಮೊಲ ಬೀಳಬೇಕೆಂಬ ಅರ್ಧ ಮಾತ್ರ ಹೇಳಿದೆ. ಅವರು ಬೆತ್ತವನ್ನು ನೆಲಕ್ಕೆ ಕುಟ್ಟಿ ಎದ್ದು ನಿಂತರು. ನನ್ನ ತೋಟಕ್ಕೆ ಬಂದ ಅತಿಥಿಯ ಸೊಪ್ಪನ್ನು ನನ್ನ ಬೆಟ್ಟದ ಮೊಲ ತಿನ್ನುವುದೆಂದರೇನು ಎಂಬುದು ಅವರ ವಾದ. ಅವರ ಮನೆಯಲ್ಲಿ ಅಜ್ಜನ ಕಾಲದ ಒಂದು ಭಾರೀ ಬಂದೂಕು ಇತ್ತು. ಮದುವೆಗಳಲ್ಲಿ ಅದನ್ನು ಆಕಾಶಕ್ಕೆ ಎತ್ತಿ ಕುಣಿಸುತ್ತಿದ್ದರು. "ಅದರಿಂದ ಹೊಡೆದರೆ ಕಿವಿ ಮಾತ್ರ ಸಿಕ್ಕೀತು. ಸಣ್ಣದೊಂದು ಬೇಕು, ಪಾಯಿಂಟ್ ಟೂ ಟೂ. ಪರವಾನಗಿ ನನ್ನ ಹೆಸರಿಗೆ. ಆರಿಸುವವನು ನೀನು. ಸಾಮಾನು ಆರಿಸುವುದರಲ್ಲಿ ನಿನ್ನಷ್ಟು ಕಟ್ಟುನಿಟ್ಟಿನವನು ಇಲ್ಲ. ಯಲ್ಲಾ, ಮಸ್ಕತ್‌ಗೆ ಹೋಗೋಣ."

ಈಗ ನನ್ನ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ಮೊಲ ಬದುಕಿದ್ದರೆ ಹೆಂಡತಿಯ ಕೋಪ, ಸತ್ತರೆ ಹೆಂಡತಿಯ ವಿಮಾನ. ಅಂಥ ಮೊಲಕ್ಕೆ ನಾನೇ ಹೋಗಿ ಬಂದೂಕು ಆರಿಸಬೇಕು. ದಾರಿಯುದ್ದಕ್ಕೂ ಬೆಟ್ಟಗಳನ್ನು ನೋಡುತ್ತಾ ಒಂದು ನಿಶ್ಚಯಕ್ಕೆ ಬಂದೆ. ಅಂಗಡಿಯಲ್ಲಿ ಇರುವುದರಲ್ಲೇ ಅತ್ಯಂತ ಕೆಲಸಕ್ಕೆ ಬಾರದ ಬಂದೂಕನ್ನು ಆರಿಸುವುದು.

ಬಂದೂಕಿನ ಅಂಗಡಿಯಲ್ಲಿ ಇದ್ದವರು ಹೈದರಾಬಾದಿನ ಒಬ್ಬ ಹಿರಿಯ ಸಾಹೇಬರು. ಮಾತು ಬಹಳ ನಯ, ಕನ್ನಡಕ ಮೂಗಿನ ತುದಿಯಲ್ಲಿ. ಖಲ್ಫಾನ್ ನೇರವಾಗಿ ಹೋಗಿ ಥಳಥಳ ಹೊಳೆಯುವ ಒಂದನ್ನು ಎತ್ತಿಕೊಂಡರು. ಒಂದರ ಹಿಂದೆ ಒಂದು ಗುಂಡು ತಾನಾಗಿ ಹಾರುವ ಜಾತಿಯದು. ಮೂಲೆಯಲ್ಲಿ ಸಣಕಲಾಗಿ ನಿಂತಿದ್ದ ಒಂದನ್ನು ತೋರಿಸಿ, "ಅದು ಹೇಗೆ?" ಎಂದೆ. ಅದಕ್ಕೆ ಒಂದು ಸಲಕ್ಕೆ ಒಂದೇ ತೋಟೆ. ಹೊಡೆದ ಮೇಲೆ ಬೋಲ್ಟ್ ಎಳೆದು, ಖಾಲಿ ತೋಟೆ ತೆಗೆದು, ಇನ್ನೊಂದನ್ನು ಕೈಯಿಂದ ಇಡಬೇಕು. ಅಷ್ಟರಲ್ಲಿ ಮೊಲ ದೂರದ ಕಡಲತೀರದ ಸೂರ್ ಪಟ್ಟಣ ತಲುಪಿರುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಸಾಹೇಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ವಾಹ್, ಜನಾಬ್! ನಿಮಗೆ ಗೊತ್ತಿದೆ" ಎಂದರು. "ಮೊದಲ ಬಂದೂಕು ಇದೇ ಆಗಿರಬೇಕು. ಇನ್ನೊಂದು ಗುಂಡು ಇದೆ ಎಂದು ಗೊತ್ತಿದ್ದವನು ಮೊದಲನೆಯದನ್ನು ಹಾಳು ಮಾಡುತ್ತಾನೆ. ಒಂದೇ ಇದ್ದವನು ಸಮಾಧಾನದಿಂದ ಹೊಡೆಯುತ್ತಾನೆ. ಹಗುರ, ಕೆಡುವಂಥದ್ದು ಏನೂ ಇಲ್ಲ."

ಖಲ್ಫಾನ್ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು.

ಸರಿ, ತೋಟೆಯಲ್ಲಿ ನೋಡಿಕೊಳ್ಳೋಣ ಎಂದುಕೊಂಡು ಇರುವುದರಲ್ಲೇ ನಿಧಾನದ್ದು, ಮೆತ್ತಗಿನದು ಯಾವುದೆಂದು ಕೇಳಿದೆ. ಸಾಹೇಬರಿಗೆ ಇನ್ನೂ ಸಂತೋಷವಾಯಿತು. ತೋಟದೊಳಗಿನ ಮೊಲಕ್ಕೆ ಜೋರಿನ ತೋಟೆ ತರುವವರೆಲ್ಲ ದಡ್ಡರಂತೆ. ಮೆತ್ತಗಿನದರಲ್ಲಿ ಸದ್ದು ಕಡಿಮೆ, ಪಕ್ಕದವರ ಆಡು ಬೆದರುವುದಿಲ್ಲ, ಮಾಂಸವೂ ಚೂರಾಗುವುದಿಲ್ಲ. ಬಂದೂಕಿಗೂ ಅದು ಒಪ್ಪಬೇಕು, ಎರಡು ಬಗೆ ಕೊಡುತ್ತೇನೆ, ಎರಡನ್ನೂ ಹೊಡೆದು ನೋಡಿ, ಯಾವುದರ ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳುತ್ತವೋ ಅದನ್ನೇ ಇಟ್ಟುಕೊಳ್ಳಿ ಎಂದರು.

ಕೊನೆಯ ಆಸೆಯಿಂದ ಬಂದೂಕಿನ ಮೇಲೆ ಕೂರಿಸುವ ಒಂದು ದುರ್ಬೀನು ಇರಲಿ ಎಂದೆ. ಹೆಚ್ಚು ಸ್ಕ್ರೂ ಇದ್ದಷ್ಟೂ ಎಡವಟ್ಟು ಹೆಚ್ಚು ಎಂದು ಅಂಗಡಿಯ ಅನುಭವ ನನಗೆ ಕಲಿಸಿತ್ತು. ಅದರಲ್ಲೂ ದೊಡ್ಡದನ್ನು ಬಿಟ್ಟು, ನಾಲ್ಕು ಪಟ್ಟು ಮಾತ್ರ ಹಿಗ್ಗಿಸುವ ಪುಟ್ಟದೊಂದನ್ನು ಆರಿಸಿದೆ. ಸಾಹೇಬರು ಎದ್ದು ಬಂದು ನನ್ನ ಕೈ ಕುಲುಕಿದರು.

"ನಿಮ್ಮ ತಂದೆ ಶಿಕಾರಿಯೇ?" ಎಂದು ಕೇಳಿದರು.

"ಪೋಸ್ಟ್ ಮಾಸ್ಟರ್" ಎಂದೆ.

ಹಿಂದಿರುಗುವಾಗ ವಾದಿ ಅದಾಯ್‌ನಲ್ಲಿ ಗಾಡಿ ನಿಲ್ಲಿಸಿ ವಾರಿಜ ಹೇಳಿದ್ದ ಸಾಮಾನು ತೆಗೆದುಕೊಂಡೆ. ಕುಚ್ಚಲಕ್ಕಿ, ಮೆಣಸು, ತೆಂಗಿನೆಣ್ಣೆ, ಮತ್ತೆ ಮರೂನು ಬಣ್ಣದ ದೊಡ್ಡ ಅಂಟು ಬೊಟ್ಟುಗಳ ಕೆಲವು ಹಾಳೆ. ಊರಿಗೆ ಹೋಗುವವಳಿಗೆ ಇಷ್ಟೊಂದು ಬೊಟ್ಟು ಇಲ್ಲಿಂದ ಯಾಕೆ ಎಂದು ಒಂದು ಕ್ಷಣ ಅನ್ನಿಸಿತು. ಖಲ್ಫಾನ್ ಹಾರ್ನ್ ಮಾಡುತ್ತಿದ್ದರು, ಹೆಚ್ಚು ಯೋಚಿಸಲಿಲ್ಲ.

ಇನ್ನು ಉಳಿದದ್ದು ದುರ್ಬೀನನ್ನು ಬಂದೂಕಿಗೆ ಕೂರಿಸಿ ಗುರಿ ಸರಿಪಡಿಸುವುದು. ಅದೂ ನನ್ನ ಪಾಲಿಗೇ ಬಂತು. ಇದರಲ್ಲಾದರೂ ಒಂದಿಷ್ಟು ಸೊಟ್ಟ ಮಾಡಿದರಾಯಿತು ಎಂದುಕೊಂಡೇ ಶುರುಮಾಡಿದೆ. ಆದರೆ ನನಗೊಂದು ರೋಗವಿದೆ. ಸೊಟ್ಟಗಿರುವುದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಮದುವೆಮನೆಗೆ ಹೋದರೂ ಗೋಡೆಯ ಫೋಟೋವನ್ನು ನೆಟ್ಟಗೆ ಮಾಡಿಯೇ ಊಟಕ್ಕೆ ಕೂರುವವನು ನಾನು. ಅಡಿಗೆಮನೆಯ ಮೇಜಿನ ಮೇಲೆ ಎರಡು ಅಕ್ಕಿಯ ಚೀಲಗಳ ನಡುವೆ ಬಂದೂಕನ್ನು ಕೂರಿಸಿದೆ. ಅಂಗಡಿಯಿಂದ ತಂದ ರಸಮಟ್ಟವನ್ನು ಅದರ ಬೆನ್ನಿನ ಮೇಲಿಟ್ಟು ಗುಳ್ಳೆ ನಡುವಿಗೆ ಬರುವ ಹಾಗೆ ಮಾಡಿದೆ. ಕಿಟಕಿಯಾಚೆ ತೂಗುಗುಂಡಿನ ದಾರ ಇಳಿಬಿಟ್ಟು ದುರ್ಬೀನಿನ ಒಳಗಿನ ನಿಂತ ಗೆರೆ ಆ ದಾರಕ್ಕೆ ಸರಿಯಾಗಿ ಕೂಡುವವರೆಗೆ ತಿರುಗಿಸಿದೆ. ಕಣ್ಣಿಗೂ ಗಾಜಿಗೂ ನಡುವೆ ನಾಲ್ಕು ಬೆರಳು ಬಿಟ್ಟು, ಸ್ಕ್ರೂಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಕೆಲಸ ಮುಗಿದು ತಲೆಯೆತ್ತಿದಾಗ ನಾನು ಮಾಡಿಕೊಂಡ ಅನಾಹುತ ಗೊತ್ತಾಯಿತು. ಇಬ್ರಾದಲ್ಲಿ ಅದಕ್ಕಿಂತ ನೆಟ್ಟಗಿರುವ ವಸ್ತು ಇನ್ನೊಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಣಗಿದ ಹೊಳೆಯ ಪಾತ್ರಕ್ಕೆ ಹೋದೆವು. ಹಿಂದೆ ಎತ್ತರದ ಮಣ್ಣಿನ ದಂಡೆ, ಗುಂಡು ಎಲ್ಲಿಗೂ ಹೋಗುವಂತಿಲ್ಲ. ಖಲ್ಫಾನ್ ಜೊತೆ ಅವರ ಹೆಂಡತಿ ಉಮ್ ಸಾಲಿಂ ಬಂದಿದ್ದರು. ಸಾಲಿಂ ಅವರ ಮಗ, ಊರಿನಲ್ಲಿ ಎಲ್ಲರೂ ಅವರನ್ನು ಸಾಲಿಂನ ತಾಯಿ ಎಂದೇ ಕರೆಯುವುದು. ವಾರಿಜ ಚಹಾದ ಫ್ಲಾಸ್ಕು ಹಿಡಿದು ಬಂದಿದ್ದಳು. ಟೈಲ್ಸಿನ ಖಾಲಿ ರಟ್ಟಿನ ಪೆಟ್ಟಿಗೆಯನ್ನು ದಂಡೆಗೆ ಒರಗಿಸಿ ನಿಲ್ಲಿಸಿದೆ. ಗುರಿಗೆ ಚುಕ್ಕಿ ಬೇಕಲ್ಲ, ನನ್ನ ಹತ್ತಿರ ಪೆನ್ನೂ ಇರಲಿಲ್ಲ. ವಾರಿಜ ಪರ್ಸಿನಿಂದ ಬೊಟ್ಟಿನ ಹಾಳೆ ತೆಗೆದು, ಮರೂನು ಬೊಟ್ಟೊಂದನ್ನು ಪೆಟ್ಟಿಗೆಯ ನಟ್ಟನಡುವೆ ಒತ್ತಿ ಅಂಟಿಸಿದಳು.

ಮೊದಲ ತೋಟೆಗಳು ಬೊಟ್ಟಿನ ಕೆಳಗೆ, ಎಡಕ್ಕೆ ಒಂದು ಗೇಣು ದೂರದಲ್ಲಿ ಬಿದ್ದವು. ಬಿದ್ದದ್ದೆಲ್ಲ ಒಂದೇ ಕಡೆ. ದುರ್ಬೀನಿನ ಮೇಲಿನ ಸ್ಕ್ರೂ ತಿರುಗಿಸಿದರೆ ಮೇಲಕ್ಕೆ, ಪಕ್ಕದ್ದು ತಿರುಗಿಸಿದರೆ ಬಲಕ್ಕೆ. ಖಲ್ಫಾನ್ ಹೊಡೆಯುವುದು, ನಾನು ನೋಡಿ ತಿರುಗಿಸುವುದು, ಮತ್ತೆ ಹೊಡೆಯುವುದು. ಬಿಸಿಲೇರುವ ಹೊತ್ತಿಗೆ ರಂಧ್ರಗಳು ಬೊಟ್ಟಿನ ಪಕ್ಕಕ್ಕೇ ಬಂದು ಗುಂಪುಕಟ್ಟಿ ನಿಂತವು. ಇಷ್ಟು ಸಾಕು, ಮೊಲದ ತಲೆ ಇದಕ್ಕಿಂತ ದೊಡ್ಡದು ಎಂದರು ಖಲ್ಫಾನ್.

"ನಾನೊಮ್ಮೆ ನೋಡ್ಲಾ?" ಎಂದಳು ವಾರಿಜ.

ಆಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚಾಪೆಯ ಮೇಲೆ ಬೋರಲು ಮಲಗಿದಳು. ಬಂದೂಕಿನ ಬುಡವನ್ನು ಹೆಗಲಿಗೆ ಒತ್ತಿಕೊಂಡ ರೀತಿಯಲ್ಲೇ ನನಗೆ ಏನೋ ಅನುಮಾನ ಬಂತು. ಒಂದು ಉಸಿರು ತೆಗೆದುಕೊಂಡಳು, ಅರ್ಧ ಬಿಟ್ಟಳು, ಸುಮ್ಮನಾದಳು. ಕಡ್ಡಿ ಮುರಿದಷ್ಟೇ ಸದ್ದು. ನಾನು ಹೋಗಿ ನೋಡಿದರೆ ಪೆಟ್ಟಿಗೆಯ ಮೇಲೆ ಬೊಟ್ಟಿನ ಅಂಚು ಮಾತ್ರ ಬಳೆಯ ಹಾಗೆ ಉಳಿದಿತ್ತು. ನಡುವೆ ತೂತು.

"ಮಾಶಾಅಲ್ಲಾ!" ಎಂದು ಖಲ್ಫಾನ್ ಕೂಗಿದರು. ಉಮ್ ಸಾಲಿಂ ನಾಲಿಗೆಯಿಂದ ಮದುವೆಯ ಕೇಕೆ ಹಾಕಿದರು. ವಾರಿಜ ಸೀರೆಯ ಧೂಳು ಕೊಡವಿಕೊಳ್ಳುತ್ತಾ, "ಅಪ್ಪ ಗೆಣಸಿನ ಗದ್ದೆ ಕಾಯ್ಲಿಕ್ಕೆ ನನ್ನನ್ನೇ ಕೂರಿಸ್ತಿದ್ರು. ನೀವು ಕೇಳ್ಲೇ ಇಲ್ಲ ಅಲ್ವಾ" ಎಂದಳು. ನಾನು ಕೇಳಿರಲಿಲ್ಲ. ಹಳೆಯ ಭಯದಲ್ಲಿ ಮಾವನವರ ಕೋವಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಚಹಾ ಬಾಯಿಗಿಟ್ಟೆ, ರುಚಿ ಗೊತ್ತಾಗಲಿಲ್ಲ. ಬಂದೂಕು ಒಳ್ಳೆಯದು, ತೋಟೆ ಒಳ್ಳೆಯದು, ಗುರಿ ನೆಟ್ಟಗೆ, ಹೊಡೆಯುವವಳು ಹೀಗೆ. ಮೊಲದ ಕತೆ ಮುಗಿದ ಹಾಗೆಯೇ, ಅದರ ಜೊತೆಗೆ ನನ್ನದೂ.

ಅಂದಿನಿಂದ ಸಂಜೆ ತೋಟದಲ್ಲಿ ಕಾಯುವುದು ಶುರುವಾಯಿತು. ಖರ್ಜೂರದ ಮರಗಳ ಕೆಳಗೆ ಗಂಡಸರಿಗೊಂದು ಚಾಪೆ, ಸ್ವಲ್ಪ ಆಚೆ ಹೆಂಗಸರಿಗೊಂದು. ಕಾವಾ ಎಂಬ ಅರಬ್ಬಿ ಕಾಫಿ ತುಂಬಿದ ದಲ್ಲಾ ಹೂಜಿ, ಖರ್ಜೂರದ ತಟ್ಟೆ, ಉಮ್ ಸಾಲಿಂ ತರುವ ಧೂಪದ ಮಡಕೆ. ಹರಿವೆ ನಾಲ್ಕನೆಯ ಸಲ ಚಿಗುರುತ್ತಿತ್ತು. ಮೊದಲ ದಿನ ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು ಅಷ್ಟೆ. ಎರಡನೆಯ ದಿನ ಉಮ್ ಸಾಲಿಂ ಹರಿವೆಯನ್ನು ತೋರಿಸಿ ಅರಬ್ಬಿಯಲ್ಲಿ ಏನೋ ಕೇಳಿದರು. ವಾರಿಜ ತುಳುವಿನಲ್ಲಿ ಉದ್ದಕ್ಕೆ ಉತ್ತರ ಕೊಟ್ಟಳು. ಅವರು ಅದಕ್ಕೆ ಅರಬ್ಬಿಯಲ್ಲಿ ಇನ್ನೂ ಉದ್ದಕ್ಕೆ ಹೇಳಿದರು. ಇಬ್ಬರಿಗೂ ಇನ್ನೊಬ್ಬರ ಭಾಷೆ ಒಂದಕ್ಷರ ಬಾರದು, ಆದರೂ ಮಾತು ನಿಲ್ಲಲಿಲ್ಲ. ಮಾತಾಡಲು ಕಾಯುತ್ತಿದ್ದವಳು ನಮ್ಮವಳೊಬ್ಬಳೇ ಅಲ್ಲವೆಂದು ನನಗೆ ಆಗ ಗೊತ್ತಾಯಿತು. ಅವರ ಮಗ ದೂರದೂರಿನಲ್ಲಿ ಕೆಲಸಕ್ಕಿದ್ದ, ಗಂಡ ದಿನವಿಡೀ ಅಂಗಡಿಗಳ ಬೀದಿಯಾದ ಸೂಕ್‌ನಲ್ಲಿ.

ಮುಂದಿನ ವಾರಗಳಲ್ಲಿ ಏನೇನೋ ನಡೆಯಿತು. ಉಮ್ ಸಾಲಿಂ ಕಾದ ತಟ್ಟೆಯ ಮೇಲೆ ಕೈಯಿಂದ ಹಿಟ್ಟು ಸವರಿ ಕಾಗದದಂಥ ರೊಟ್ಟಿ ಮಾಡಿ ತಂದರು. ವಾರಿಜ ಅದಕ್ಕೆ ಉತ್ತರವಾಗಿ ನೀರುದೋಸೆ ಒಯ್ದಳು. ಎರಡನ್ನೂ ಪಕ್ಕ ಪಕ್ಕ ಇಟ್ಟು ಇಬ್ಬರೂ ಸಂಶೋಧನೆ ಮಾಡಿದರು. ಬುಧವಾರದ ಹೆಂಗಸರ ಸಂತೆಗೆ ವಾರಿಜಳನ್ನು ಅವರು ಕರೆದೊಯ್ದರು. ಅಲ್ಲಿಗೆ ಗಂಡಸರಿಗೆ ಪ್ರವೇಶವಿಲ್ಲ. ಅಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರೆ ವಾರಿಜ, "ಅದು ನಿಮಗೆ ಯಾಕೆ?" ಎಂದಳು. ಅವಳ ಬಾಯಿಯಲ್ಲಿ ಅರಬ್ಬಿ ಬರತೊಡಗಿತು, ಅದೂ ತುಳುವಿನ ರಾಗದಲ್ಲಿ. ಸೂಟ್‌ಕೇಸು ಮಾತ್ರ ಮಂಚದ ಪಕ್ಕದಲ್ಲೇ ಇತ್ತು.

ಮೊಲ ಬರಲಿಲ್ಲ. "ಈ ಹೆಂಗಸರು ಮಾತಾಡುತ್ತಿರುವಾಗ ಮೊಲವಲ್ಲ, ಸೊಳ್ಳೆಯೂ ಬರುವುದಿಲ್ಲ" ಎಂದು ಖಲ್ಫಾನ್ ಗೊಣಗುತ್ತಿದ್ದರು. ನಾನು ಮನಸ್ಸಿನಲ್ಲೇ ಇಬ್ಬರಿಗೂ ದೀರ್ಘಾಯುಷ್ಯ ಕೋರುತ್ತಿದ್ದೆ. ಅಂಗಡಿಯಿಂದ ಬೇಗ ಹೊರಟು ಹೆಂಗಸರ ಚಾಪೆಗೆ ಖರ್ಜೂರ ಮುಗಿಯದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸವಾಯಿತು. ಹರಿವೆ ಮೊಣಕಾಲೆತ್ತರ ಬೆಳೆಯಿತು. ಎರಡು ಸಲ ಹುಳಿಯೂ ಆಯಿತು.

ಹೀಗಿರುವಾಗ ಒಂದು ಸಂಜೆ ಉಮ್ ಸಾಲಿಂಗೆ ಹಲ್ಲುನೋವು. ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಬಂದು ಕೂತರು, ಬಾಯಿ ತೆರೆಯುವಂತಿರಲಿಲ್ಲ. ಅವರು ಮಾತಾಡದ ಮೇಲೆ ವಾರಿಜಳೂ ಸುಮ್ಮನಾದಳು. ಗಾಳಿಯೂ ಬಿದ್ದಿತ್ತು. ಧೂಪದ ಹೊಗೆ ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಆಗ ಖಲ್ಫಾನ್ ನನ್ನ ಮೊಣಕೈ ಮುಟ್ಟಿದರು.

ಫಲಜ್‌ನ ಆಚೆ ದಂಡೆಯ ಬುಡದಲ್ಲಿ ಅದು ಕೂತಿತ್ತು. ಮಣ್ಣಿನದೇ ಬಣ್ಣ, ದೊಡ್ಡ ಕಿವಿಗಳು, ತೆಳ್ಳಗಿನ ಮೈ. ಊರಿಗೆಲ್ಲ ಕೇಳುವಷ್ಟು ಕಾಟ ಕೊಟ್ಟ ಪ್ರಾಣಿ ಇಷ್ಟು ಚಿಕ್ಕದೇ ಎನ್ನಿಸಿತು. ಅದು ಹರಿವೆಯ ಒಂದು ಎಲೆಯನ್ನು ಬಹಳ ಮರ್ಯಾದೆಯಿಂದ ಅಗಿಯುತ್ತಿತ್ತು.

ಖಲ್ಫಾನ್ ಬಂದೂಕನ್ನು ಎತ್ತಿಕೊಳ್ಳಲಿಲ್ಲ. ಹೆಂಗಸರ ಚಾಪೆಯ ಕಡೆಗೆ ಮೆಲ್ಲಗೆ ಸರಿಸಿದರು. "ಸೊಪ್ಪು ಅವಳದು. ಹಕ್ಕೂ ಅವಳದೇ" ಎಂದು ಪಿಸುಗುಟ್ಟಿದರು. "ಅವಳು ಹೊಡೆದರೆ ಅದು ನಮಗೆ ಹಲಾಲ್ ಅಲ್ಲ, ತಿನ್ನಲಾಗದು. ನೀವು ತಿನ್ನಿ, ನಾವು ಖರ್ಜೂರ ತಿನ್ನುತ್ತೇವೆ."

ವಾರಿಜ ಬಂದೂಕು ತೆಗೆದುಕೊಂಡಳು. ಬೋರಲು ಮಲಗಿದಳು. ಮೊಲ ಎಷ್ಟು ಹತ್ತಿರವಿತ್ತೆಂದರೆ ಹೊಳೆಯ ಪಾತ್ರದಲ್ಲಿ ಬೊಟ್ಟಿಟ್ಟಿದ್ದ ದೂರದ ಅರ್ಧವೂ ಇರಲಿಲ್ಲ. ನಾನು ಊರಿನ ಎಲ್ಲ ದೈವಗಳನ್ನೂ ಒಬ್ಬೊಬ್ಬರನ್ನಾಗಿ ನೆನೆದೆ. ಏನನ್ನು ಕೇಳಿಕೊಂಡೆನೆಂದು ನಿಮಗೆ ಗೊತ್ತೇ ಇದೆ. ಅವಳು ಉಸಿರು ತೆಗೆದುಕೊಂಡಳು, ಅರ್ಧ ಬಿಟ್ಟಳು, ಸುಮ್ಮನಾದಳು. ಬಹಳ ಹೊತ್ತು ಸುಮ್ಮನಿದ್ದಳು. ಉಮ್ ಸಾಲಿಂ ಕೆನ್ನೆ ಹಿಡಿದುಕೊಂಡು ಮೊಲವನ್ನು ನೋಡದೆ ಅವಳನ್ನೇ ನೋಡುತ್ತಿದ್ದರು.

ಕಡ್ಡಿ ಮುರಿದ ಸದ್ದು. ಮೊಲದಿಂದ ಎರಡು ಮೊಳ ಆಚೆ ದಂಡೆಯಲ್ಲಿ ಧೂಳೆದ್ದಿತು. ಮೊಲ ಒಮ್ಮೆ ಕಿವಿ ನಿಮಿರಿಸಿ ನಮ್ಮೆಲ್ಲರನ್ನೂ ನೋಡಿ, ಆಮೇಲೆ ನೆನಪಾದಂತೆ ನೆಗೆದು ಓಡಿತು.

ವಾರಿಜ ಎದ್ದು ಸೀರೆ ಕೊಡವಿ, "ತಪ್ಪಿತು" ಎಂದಳು. ಉಮ್ ಸಾಲಿಂ ಹಲ್ಲುನೋವಿನಲ್ಲೇ "ಬುಕ್ರಾ" ಎಂದರು. ನಾಳೆ ಎಂದರ್ಥ. "ಬುಕ್ರಾ" ಎಂದಳು ವಾರಿಜಳೂ.

ಮರುದಿನ ನಸುಕಿನ 'ಫಜರ್' ನಮಾಜು ಮುಗಿಸಿ ಖಲ್ಫಾನ್ ನನ್ನ ಬಾಗಿಲು ತಟ್ಟಿದರು. ಮುಖ ಗಂಭೀರವಾಗಿತ್ತು. "ದುರ್ಬೀನು ಅಲುಗಿದೆಯೋ ಏನೋ. ನೋಡೋಣ ಬಾ" ಎಂದರು. ಕನ್ನಡಿಯ ಮೇಲಿದ್ದ ಒಂದು ಬೊಟ್ಟನ್ನು ಕಿತ್ತುಕೊಂಡು ಹೋದೆ. ಅದೇ ಹೊಳೆಯ ಪಾತ್ರ, ಅದೇ ದೂರ. ಖಲ್ಫಾನ್ ಹೊಡೆದರು. ಬೊಟ್ಟಿನ ಅಂಚು ಹಾರಿತ್ತು. ಬಂದೂಕನ್ನು ನನ್ನ ಕೈಗೆ ಕೊಟ್ಟರು. ದೊಡ್ಡಮ್ಮನ ಕಿವಿಗೆ ಹೊಡೆದ ನಾನು ಎಡಗಣ್ಣು ಮುಚ್ಚಿ, ಉಸಿರು ಹಿಡಿದು ಹೊಡೆದೆ. ಬೊಟ್ಟು ಮಾಯವಾಗಿತ್ತು.

ಖಲ್ಫಾನ್ ರಟ್ಟಿನ ತೂತಿನೊಳಗೆ ಬೆರಳು ಹಾಕಿ ಬಹಳ ಹೊತ್ತು ನೋಡಿದರು. ಅವರ ಗಡ್ಡದೊಳಗೆ ನಗು ಮೆಲ್ಲಗೆ ಹರಡಿತು.

"ಬಂದೂಕು ಸರಿ ಇದೆ" ಎಂದರು. "ಮನೆಯಲ್ಲಿ ಹೇಳಬೇಡ. ಖಲಾಸ್."

ಮನೆಗೆ ಬಂದಾಗ ವಾರಿಜ ಬಟ್ಟಲಲ್ಲಿ ಅಲಸಂಡೆ ಬೀಜ ನೆನೆಹಾಕುತ್ತಿದ್ದಳು. ಮಂಚದ ಪಕ್ಕ ನೋಡಿದೆ, ಸೂಟ್‌ಕೇಸು ಇರಲಿಲ್ಲ. ಕಪಾಟಿನ ಮೇಲಕ್ಕೆ ಹೋಗಿತ್ತು. ಅದರ ಮೇಲೆ ಹಪ್ಪಳದ ಡಬ್ಬ, ಅದರ ಮೇಲೆ ಹಳೆಯ ಬೆಡ್‌ಶೀಟು, ಬೇಗ ಇಳಿಯುವ ಲಕ್ಷಣ ಕಾಣಲಿಲ್ಲ. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಅವಳು ಕಂಡಳು.

"ಮೊಲ ಬೀಳದೆ ಹೋಗುದಿಲ್ಲ ಅಂತ ಹೇಳಿದ್ದೆ ಅಲ್ವಾ?" ಎಂದಳು. "ಎಂತ ಮಾಡುದು, ಹೇಳಿದ ಮಾತಿಗೆ ತಪ್ಪಲಿಕ್ಕಾಗ್ತದಾ?"

ನಾನು ಆಗುವುದಿಲ್ಲ ಎಂದೆ. ಅಂಗಡಿಗೆ ಅವತ್ತು ತಡವಾಗಿ ಹೋದೆ.

ಆಮೇಲೂ ಸಂಜೆಯ ಕಾವಲು ನಿಲ್ಲಲಿಲ್ಲ. ಬಂದೂಕು ಚಾಪೆಯ ಪಕ್ಕದಲ್ಲಿ ಚೀಲದೊಳಗೆ ಮಲಗಿರುತ್ತಿತ್ತು. ಅದನ್ನು ಹೊರತೆಗೆಯಬೇಕೆಂದು ಯಾರಿಗೂ ತೋಚುತ್ತಿರಲಿಲ್ಲ. ಹರಿವೆಯ ಒಂದು ಸಾಲನ್ನು ವಾರಿಜ ದಂಡೆಯ ಹತ್ತಿರ, ಬೇಲಿಯ ಹೊರಗೆ ಬಿತ್ತಲು ಶುರುಮಾಡಿದಳು. ಯಾಕೆಂದು ಕೇಳಿದರೆ ಬೀಜ ಉಳಿದಿತ್ತು ಎಂದಳು. ಮಗಳು ಹುಟ್ಟಿದಾಗ ಅವಳ ಮೈಗೆ ಎಣ್ಣೆ ಹಚ್ಚಿದವರು ಉಮ್ ಸಾಲಿಂ. ಮಗಳು ತುಳುವಿಗಿಂತ ಮುಂಚೆ ಅರಬ್ಬಿ ಆಡಿದಳು, ಆಮೇಲೆ ಶಾಲೆಗೆ ಹೋಗಿ ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದಳು. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ನಾವು ಇಬ್ರಾ ಬಿಟ್ಟೆವು. ಹೊರಡುವ ದಿನ ಉಮ್ ಸಾಲಿಂ ಬಾಗಿಲಲ್ಲಿ ನಿಂತು, ವಾರಿಜ ಕಲಿಸಿದ್ದ ತುಳುವಿನಲ್ಲಿ "ಪೋದು ಬಲೆ" ಎಂದರು. ಹೋಗಿ ಬನ್ನಿ.

ಇಷ್ಟು ವರ್ಷ ನಾನು ಆ ಸಂಜೆಯ ಬಗ್ಗೆ ಅವಳನ್ನು ಕೇಳಿದವನಲ್ಲ. ಮೊನ್ನೆ ಮತ್ತೆ ಗದ್ದ ಕೊಯ್ದುಕೊಂಡು ಹತ್ತಿ ಒತ್ತಿಕೊಂಡು ಹೊರಬಂದಾಗ ಅವಳು ಅಡಿಗೆಮನೆಯಿಂದಲೇ, "ಪುನಃ ಒಂದು ಕಣ್ಣು ಮುಚ್ಚಿದ್ರಾ?" ಎಂದು ಕೇಳಿದಳು. ಅವಳು ಹರಿವೆ ಸೋಸುತ್ತಿದ್ದಳು. ಇದೇ ಹೊತ್ತು ಅನ್ನಿಸಿತು.

"ಅಲ್ಲ ವಾರಿಜ, ಅಷ್ಟು ದೂರದ ಬೊಟ್ಟಿಗೆ ಹೊಡೆದವಳಿಗೆ ಕಾಲ ಬುಡದ ಮೊಲ ಹೇಗೆ ತಪ್ಪಿತು?"

ಅವಳು ದಂಟು ಮುರಿಯುವುದನ್ನು ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಗಾಳಿ ಇತ್ತಲ್ಲ" ಎಂದಳು.

ಉಮ್ ಸಾಲಿಂ ಅವರ ಧೂಪದ ಹೊಗೆ ಕಣ್ಣ ಮುಂದೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಅವಳ ಪಕ್ಕ ಕೂತು ಒಂದು ಹಿಡಿ ಸೊಪ್ಪು ನನ್ನ ಕಡೆಗೆ ಎಳೆದುಕೊಂಡೆ.

"ಹೌದು ಮಾರಾಯ್ತಿ" ಎಂದೆ. "ಜೋರು ಗಾಳಿ."